‘ಅಪ್ರಾಯೋಗಿಕ’ ಅಂದರೆ ಪ್ರಯೋಗ ಮಾಡದ್ದೋ, ಆಗಿಹೋಗದ ಮಾತೋ?

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಮಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತೇನೆ. ಕನ್ನಡದಲ್ಲಿ ಓದಿ ಬಂದ ಮಕ್ಕಳಿಗಾಗಿ ಸಂಶೋಧನಾ ವಿಧಾನಗಳ ನೋಟ್ಸ್ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಹಾಯ ಬೇಕು.

ಮನಸ್ಸನ್ನು ಪ್ರಯೋಗ ಮಾಡಿ ತಿಳಿಯುವುದು ಒಂದು ದಾರಿ. ಪ್ರಯೋಗ ಮಾಡದೆ, ಇರುವುದನ್ನು ನೋಡಿ, ಕೇಳಿ, ಲೆಕ್ಕ ಇಟ್ಟು ತಿಳಿಯುವುದು ಇನ್ನೊಂದು. ಅವಲೋಕನ, ಸಮೀಕ್ಷೆ, ಸಂದರ್ಶನ, ವ್ಯಕ್ತಿ ಅಧ್ಯಯನ, ಸಹಸಂಬಂಧ ಅಧ್ಯಯನ ಎಲ್ಲ ಈ ಎರಡನೆಯ ಗುಂಪಿನವು. ಇವಕ್ಕೆ ‘ಅಪ್ರಾಯೋಗಿಕ ವಿಧಾನಗಳು’ ಅಂತ ನಾನು ಬರೆಸುತ್ತಾ ಬಂದಿದ್ದೇನೆ.

ಕಳೆದ ಟೆಸ್ಟಿನಲ್ಲಿ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: “ಅಪ್ರಾಯೋಗಿಕ ವಿಧಾನಗಳನ್ನು ನಿಜ ಜೀವನದಲ್ಲಿ ಬಳಸಲು ಆಗುವುದಿಲ್ಲ.” ಚೆನ್ನಾಗಿ ಓದುವ ಹುಡುಗಿ. ಕರೆದು ಕೇಳಿದೆ. “ಪ್ರಾಯೋಗಿಕ ಅಲ್ಲ ಅಂದ್ರೆ ಆಗಿಹೋಗೋ ಮಾತಲ್ಲ ಅಂತ ಅಲ್ವಾ ಮೇಡಂ?” ಅಂದಳು. ಅವಳ ಕನ್ನಡ ಸರಿಯಾಗಿಯೇ ಇದೆ. ತಪ್ಪಿರುವುದು ಪದದಲ್ಲಿ. ಲ್ಯಾಬಿನಿಂದ ಹೊರಗೆ ಬಂದು, ಸಂತೆಯಲ್ಲಿ, ಮನೆಯಲ್ಲಿ, ಶಾಲೆಯ ಅಂಗಳದಲ್ಲಿ ನಡೆಯುವ ಕೆಲಸ ಇದು. ನಿಜ ಜೀವನಕ್ಕೆ ಇದಕ್ಕಿಂತ ಹತ್ತಿರದ ವಿಧಾನವೇ ಇಲ್ಲ. ಅದಕ್ಕೇ ನಾವು ‘ಆಗದ್ದು’ ಅನ್ನುವ ಹೆಸರು ಇಟ್ಟುಬಿಟ್ಟಿದ್ದೇವೆ.

‘ಪ್ರಾಯೋಗಿಕ’ ಕನ್ನಡದಲ್ಲಿ ಎಷ್ಟೆಲ್ಲ ಕೆಲಸ ಮಾಡುತ್ತಿದೆ ನೋಡಿ. ‘ಪ್ರಾಯೋಗಿಕ ಪರೀಕ್ಷೆ’ ಅಂದರೆ ಕೈಯಾರೆ ಮಾಡಿ ತೋರಿಸುವ ಪರೀಕ್ಷೆ. ‘ಪ್ರಾಯೋಗಿಕವಾಗಿ ಎರಡು ಜಿಲ್ಲೆಗಳಲ್ಲಿ ಜಾರಿ’ ಅಂತ ಪೇಪರಿನಲ್ಲಿ ಬಂದರೆ, ಮೊದಲು ಸ್ವಲ್ಪ ಮಾಡಿ ನೋಡುತ್ತಾರೆ ಅಂತ. ‘ನಿಮ್ಮ ಸಲಹೆ ಪ್ರಾಯೋಗಿಕವಲ್ಲ’ ಅಂದರೆ ಅದು ನಡೆಯುವಂಥದ್ದಲ್ಲ ಅಂತ. ಮುಂದೆ ‘ಅ’ ಸೇರಿಸಿದ ಕೂಡಲೇ ಈ ಕೊನೆಯ ಅರ್ಥವೇ ಎದ್ದು ಬರುತ್ತದೆ. ‘ಪ್ರಯೋಗ’ ಕೂಡ ಹಗುರಾದ ಪದವಲ್ಲ. ಪದಪ್ರಯೋಗ ಇದೆ, ಬಲಪ್ರಯೋಗ ಇದೆ. ‘ಯಾರೋ ಪ್ರಯೋಗ ಮಾಡಿಸಿದಾರೆ’ ಅಂದರೆ ಮಾಟ ಅಂತಲೇ ಅರ್ಥ. ನಿಮ್ಮ ಮಗನ ಮನಸ್ಸಿನ ಮೇಲೆ ಒಂದು ಪ್ರಯೋಗ ಮಾಡುತ್ತೇವೆ ಅಂತ ತಾಯಿಯ ಹತ್ತಿರ ಹೇಳಲು ಈಗಲೂ ನಾನು ಹಿಂಜರಿಯುತ್ತೇನೆ.

‘ಪ್ರಯೋಗೇತರ’ ಅನ್ನಬಹುದು. ಗೊಂದಲ ಇಲ್ಲ, ಅರ್ಥ ಒಂದೇ. ಆದರೆ ಅದೂ ಏನಲ್ಲ ಅಂತ ಹೇಳುತ್ತದೆಯೇ ಹೊರತು ಏನು ಅಂತ ಹೇಳುವುದಿಲ್ಲ.

ನಮ್ಮ ಸೋದರಮಾವನ ಕಾಫಿ ತೋಟ ಆಲ್ದೂರಿನ ಹತ್ತಿರ. ಅವರು ದಿನಾ ಬೆಳಗ್ಗೆ ಮಳೆ ಅಳತೆಯ ಕೊಳವೆ ನೋಡಿ, ಇಂಚು ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಹೂ ಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು, ಎಷ್ಟನೇ ದಿನಕ್ಕೆ ಹೂ ಅರಳಿತು, ಆ ವರ್ಷ ಫಸಲು ಎಷ್ಟು, ಎಲ್ಲ ಅದರಲ್ಲಿದೆ. ಮಳೆಯನ್ನು ಅವರು ಬರಿಸಲಾರರು. ಬಂದದ್ದನ್ನು ಬರೆದಿಡುತ್ತಾರೆ. ಅದೇ ಅರ್ಧ ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆದು, ಇನ್ನರ್ಧ ಬಿಟ್ಟು, ಯಾವ ಅರ್ಧಕ್ಕೆ ನೀರು ಅಂತ ಚೀಟಿ ಎತ್ತಿ ತೀರ್ಮಾನಿಸಿದ್ದರೆ ಅದು ಪ್ರಯೋಗ. ವ್ಯತ್ಯಾಸ ಇಷ್ಟೇ: ಒಂದರಲ್ಲಿ ನಾವು ಕೈಯಾಡಿಸುತ್ತೇವೆ, ಇನ್ನೊಂದರಲ್ಲಿ ಇಲ್ಲ. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಯಾರೂ ಎರಡನೇ ಸಲ ಕೇಳಲಿಲ್ಲ.

ಮನುಷ್ಯರ ವಿಷಯದಲ್ಲಿ ಎಷ್ಟೋ ಕಡೆ ಕೈಯಾಡಿಸಲೇ ಬಾರದು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆಗಳು ಹೋದವು. ಮನೆ ಕಳೆದುಕೊಂಡ ಮಗುವಿನ ನಿದ್ದೆ ಹೇಗಿರುತ್ತದೆ ಅಂತ ತಿಳಿಯಲು ಯಾರ ಮನೆಯನ್ನೂ ಬೀಳಿಸುವ ಹಾಗಿಲ್ಲ. ಆದ ಮೇಲೆ ಹೋಗಿ, ಪಕ್ಕದಲ್ಲಿ ಕೂತು, ಕೇಳಬೇಕು. ಆದ್ದರಿಂದ ನನಗೆ ತೋಚಿದ್ದು ‘ಇದ್ದಂತೆ ನೋಡುವ ವಿಧಾನಗಳು’. ಪರೀಕ್ಷೆಯ ಉತ್ತರಕ್ಕೆ ಸ್ವಲ್ಪ ಉದ್ದ ಆಯಿತೇನೋ. ‘ಕೈಯಾಡಿಸದ ಅಧ್ಯಯನ’ ಅಂದರೆ ಅಡುಗೆಮನೆಯ ವಾಸನೆ ಜಾಸ್ತಿಯಾಗುತ್ತದೆಯೇ? ನನಗಂತೂ ಅದು ಇಷ್ಟ.

ಇದರ ಜೊತೆಗೇ ‘ಸಹಸಂಬಂಧ’, ಅಂದರೆ ಎರಡು ಸಂಗತಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಅನ್ನುವುದರ ಅಳತೆ. ಇದು ಊರಿ ನಿಂತ ಪದ, ಕೀಳುವುದು ಬೇಡ. ಆದರೆ ‘ಸಂಬಂಧ ಇದೆ’ ಅಂದ ತಕ್ಷಣ ಮಕ್ಕಳು ಕಾರಣಕ್ಕೆ ಹಾರುತ್ತಾರೆ. ಫೋನ್ ಜಾಸ್ತಿ ನೋಡುವವರಿಗೆ ಅಂಕ ಕಡಿಮೆ ಅಂತ ಲೆಕ್ಕ ಬಂದರೆ, ‘ಫೋನಿನಿಂದ ಅಂಕ ಕಡಿಮೆಯಾಯಿತು’ ಅಂತ ಬರೆಯುತ್ತಾರೆ. ಆ ‘ಇಂದ’ ಎಲ್ಲಿಂದ ಬಂತು? ಓದು ತಲೆಗೆ ಹತ್ತದೆ ಬೇಜಾರಾಗಿ ಫೋನ್ ಹಿಡಿದಿರಬಹುದು. ಮನೆಯಲ್ಲಿ ನೆಮ್ಮದಿ ಇಲ್ಲದೆ ಎರಡೂ ಆಗಿರಬಹುದು.

ಈ ಅಳತೆಯನ್ನು ಮೊದಲು ಹೊರತಂದ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1888ರಲ್ಲಿ ಹೋಲಿಸಿದ್ದು ಮನುಷ್ಯರ ಎತ್ತರವನ್ನು ಮತ್ತು ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವನ್ನು. ಅಂದರೆ ನಮ್ಮ ಮೊಳ! ಅವರಿಗೆ ಸಿಕ್ಕ ಅಂಕಿ ಸುಮಾರು 0.8 (ನಂಟೇ ಇಲ್ಲದಿದ್ದರೆ 0, ಪೂರ್ತಿ ಜೊತೆಗಿದ್ದರೆ 1). ಎತ್ತರದವರು ಅಳೆದರೆ ಮಾರುಕಟ್ಟೆಯಲ್ಲಿ ಒಂದು ಮೊಳ ಸೇವಂತಿಗೆಗೆ ನಾಲ್ಕು ಹೂ ಜಾಸ್ತಿ ಸಿಗುತ್ತದೆ, ನಮಗೆಲ್ಲ ಗೊತ್ತು. ಆದರೆ ಮೊಳ ಉದ್ದ ಇದ್ದದ್ದರಿಂದ ಯಾರೂ ಎತ್ತರ ಆಗಲಿಲ್ಲ. ಎರಡೂ ಒಟ್ಟಿಗೆ ಬೆಳೆದವು, ಅಷ್ಟೆ.

ಇದನ್ನು ಹೇಳಲು ಕನ್ನಡದಲ್ಲಿ ಒಳ್ಳೆಯ ರೂಪವೇ ಇದೆಯಲ್ಲ. ‘ಎತ್ತರ ಹೆಚ್ಚಿದ ಹಾಗೆಲ್ಲ ಮೊಳವೂ ಹೆಚ್ಚು’. ‘ಹಾಗೆಲ್ಲ’ ಅನ್ನುವುದು ಜೊತೆಯನ್ನು ಮಾತ್ರ ಹೇಳುತ್ತದೆ, ಕಾರಣ ಹೊರಿಸುವುದಿಲ್ಲ. ಸಹಸಂಬಂಧದ ಉತ್ತರದಲ್ಲಿ ‘ಇಂದ’ ಬೇಡ, ‘ಹಾಗೆಲ್ಲ’ ಬಳಸಿ ಅಂತ ಈಗ ಹೇಳಿಕೊಡುತ್ತಿದ್ದೇನೆ. ವ್ಯಾಕರಣ ಬಲ್ಲವರು ಇದು ಎಲ್ಲ ಕಡೆಯೂ ನಿಲ್ಲುತ್ತದೆಯೇ ಅಂತ ದಯವಿಟ್ಟು ನೋಡಬೇಕು. ‘ಬಿಸಿಲು ಏರಿದ ಹಾಗೆಲ್ಲ ಎಲೆ ಬಾಡಿತು’ ಅಂದಾಗ ಕಾರಣದ ನೆರಳು ಬೀಳುತ್ತದಲ್ಲ, ಅದು ವಾಕ್ಯದಿಂದಲೋ, ಬಿಸಿಲಿನ ಬಗ್ಗೆ ನಮಗೆ ಮೊದಲೇ ಗೊತ್ತಿರುವುದರಿಂದಲೋ?

‘ಋಣ ಸಹಸಂಬಂಧ’ದ ಕಷ್ಟ ಬೇರೆ. ಮಕ್ಕಳ ಕಿವಿಗೆ ಅದು ಋಣಾನುಬಂಧ. ಇಲ್ಲವೇ ‘ಕೆಟ್ಟ ಸಂಬಂಧ’. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಅಂತಷ್ಟೇ ಅದರ ಅರ್ಥ. −0.8 ಅನ್ನುವುದು +0.3ಕ್ಕಿಂತ ಗಟ್ಟಿ ನಂಟು. ‘ಎದುರು ಏರಿಳಿತ’ ಅಂದರೆ ಹೇಗೆ?

ಕೊನೆಯದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು, ಊರವರ ಜೊತೆ ಬೆರೆತು ಅಧ್ಯಯನ ಮಾಡಿದರು. ಸಮಾಜಶಾಸ್ತ್ರದ ಆ ವಿಧಾನವನ್ನು ಮನಶ್ಶಾಸ್ತ್ರದವರೂ ಬಳಸುತ್ತಾರೆ. ಅದಕ್ಕೆ ‘ಸಹಭಾಗಿ ಅವಲೋಕನ’ ಅನ್ನುತ್ತೇವೆ. ‘ಒಳಗಿದ್ದು ನೋಡುವುದು’ ಅಂತ ಬರೆದರೆ ಸಾಲದೇ? ಹಾಸನದ ಕಡೆಯ ಅಧ್ಯಾಪಕರು ಯಾರಾದರೂ ಇಲ್ಲಿದ್ದರೆ, ನಿಮ್ಮ ತರಗತಿಯಲ್ಲಿ ಏನು ಬರೆಸುತ್ತೀರಿ ಅಂತ ತಿಳಿಸಿ. ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲು ನೋಟ್ಸ್ ತಿದ್ದಬೇಕು.