ಹೊಟ್ಟೆಯ ಸಂಪುಟ ವಿಸ್ತರಣೆ

"ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ. ಎಂಡೋ ಕ್ಯಾಬಿನೆಟ್ ಬೂಸ್ಟ್ ಆಗುತ್ತೆ, ಹೊಟ್ಟೆ ಕರಗುತ್ತೆ, ಹಾರ್ಟೂ ಭದ್ರ," ಅಂತ ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಸುಬ್ಬಣ್ಣ ಹೆಂಪ್ ಎಣ್ಣೆ, ಅಂದರೆ ಗಾಂಜಾ ಜಾತಿಯ ಗಿಡದ ಎಣ್ಣೆಯ ಬಾಟಲಿ ಇಟ್ಟ.

ಮೇಷ್ಟ್ರು ಲೇಬಲ್ಲನ್ನು ಮೂಗಿನ ಹತ್ತಿರ ಹಿಡಿದರು. "ಕ್ಯಾಬಿನೆಟ್ ಅಲ್ಲ ಕಣಯ್ಯಾ, ಎಂಡೋಕ್ಯಾನಬಿನಾಯ್ಡ್."

"ಇರಲಿ ಬಿಡಿ ಮೇಷ್ಟ್ರೇ, ಕ್ಯಾಬಿನೆಟ್ಟೇ ಸರಿ," ಅಂದ ಮೆಡಿಕಲ್ಸ್ ರಂಗಣ್ಣ. "ಇವನ ಹೊಟ್ಟೇಲಿ ಆಗ್ತಿರೋದು ಸಂಪುಟ ವಿಸ್ತರಣೆ ತಾನೆ? ಲೋ ಸುಬ್ಬ, ಇದು ಬೀಜದ ಎಣ್ಣೆ. ಕ್ಯಾನಬಿನಾಯ್ಡ್ ಅನ್ನೋ ಆ ಗಿಡದ ರಾಸಾಯನಿಕ ಇರೋದು ಹೂವಿನ ಅಂಟಲ್ಲಿ, ಬೀಜದಲ್ಲಿ ಇಲ್ಲ ಅಂತಲೇ ಲೆಕ್ಕ. 5 ಮಿಲಿ ಚಮಚಕ್ಕೆ ಸುಮಾರು 40 ಕ್ಯಾಲೊರಿ, ಕಡಲೆಕಾಯಿ ಎಣ್ಣೆಗೂ ಅಷ್ಟೇ. ಹೊಟ್ಟೆ ಇಳಿಸೋಕೆ ಅಂತ ದುಡ್ಡು ಕೊಟ್ಟು ದಿನಾ 80 ಕ್ಯಾಲೊರಿ ಜಾಸ್ತಿ ಕುಡೀತಿದೀಯ."

"ಬೂಸ್ಟ್ ಅಂತ ಬರೆದಿದಾರಲ್ಲ?"

"ನನಗೆ ಹೊಟ್ಟೆ ಉರಿಯೋದೇ ಅದಕ್ಕೆ. ಎಂಡೋಕ್ಯಾನಬಿನಾಯ್ಡ್ ಅಂದ್ರೆ ಅಂಥದ್ದೇ ರಾಸಾಯನಿಕ, ನಮ್ಮ ಮೈಯೇ ತಯಾರಿಸೋದು. ನಿನ್ನಂಥ ಹೊಟ್ಟೆಯೋರ ರಕ್ತದಲ್ಲಿ 2-ಎಜಿ ಅನ್ನೋ ಎಂಡೋಕ್ಯಾನಬಿನಾಯ್ಡ್ ಆಗಲೇ ಜಾಸ್ತಿ ಇರುತ್ತೆ. ಅದನ್ನ ಇನ್ನೂ ಬೂಸ್ಟ್ ಮಾಡಿ ಏನ್ಮಾಡ್ತೀಯ? ನಿನ್ನ ಕ್ಯಾಬಿನೆಟ್ಟಲ್ಲಿ ಸಿಬಿ1 ಅಂತ ಒಬ್ಬ ಮಂತ್ರಿ, ಅಂದ್ರೆ ಈ ರಾಸಾಯನಿಕದ ಸಂದೇಶ ಹಿಡಿಯೋ ರಿಸೆಪ್ಟರ್. ಮಿದುಳಲ್ಲಿ ಹಸಿವಿನ ಖಾತೆ, ಲಿವರಲ್ಲಿ ಕೊಬ್ಬು ತಯಾರಿ, ಕೊಬ್ಬಿನ ಕೋಶದಲ್ಲಿ ದಾಸ್ತಾನು. ಕರುಳಿನ ಸುತ್ತ ಕೂತ ಕೊಬ್ಬಿಂದ ಫ್ಯಾಟಿ ಆಸಿಡ್ ಪೋರ್ಟಲ್ ರಕ್ತನಾಳ ಹಿಡಿದು ಸೀದಾ ಲಿವರ್‌ಗೆ ಹೋಗುತ್ತೆ. ಅಲ್ಲಿಂದ ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಬರುತ್ತೆ, ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತೆ, ಇನ್ಸುಲಿನ್ ಮಾತು ನಡೆಯಲ್ಲ. ಹಾರ್ಟಿಗೆ ಏಟು ಬೀಳೋದು ಹೀಗೆ. ತೊಡೆ ಕೊಬ್ಬು ಇಷ್ಟು ತಂಟೆ ಮಾಡಲ್ಲ."

"ಹಂಗಾದ್ರೆ ಆ ಮಂತ್ರೀನ ವಜಾ ಮಾಡಿದ್ರಾಯ್ತು," ಅಂದರು ಸರೋಜಮ್ಮ ಟೀಚರ್.

"ಮಾಡಿದ್ರು ಟೀಚರ್! ರಿಮೊನಬಾಂಟ್ ಅಂತ ಮಾತ್ರೆ, ಯುರೋಪಿಗೆ 2006ರಲ್ಲಿ ಬಂತು. ದಿನಕ್ಕೆ 20 ಮಿಲಿಗ್ರಾಂನಂತೆ ಒಂದು ವರ್ಷ ತಗೊಂಡೋರು ಸರಾಸರಿ 6.6 ಕೆಜಿ ಇಳಿದ್ರು. ಡಮ್ಮಿ ಮಾತ್ರೆಯೋರು 1.8. ಸೊಂಟವೂ ಇಳೀತು, ಒಳ್ಳೆ ಕೊಲೆಸ್ಟ್ರಾಲೂ ಏರಿತು."

"ಮತ್ತೆ ನಿನ್ನ ಅಂಗಡೀಲಿ ಯಾಕಿಲ್ಲ?"

"ಆ ಮಂತ್ರಿ ಹತ್ರ ಇನ್ನೊಂದು ಖಾತೆ ಇತ್ತು, ಮನಸ್ಸಿನ ನೆಮ್ಮದೀದು. ವಜಾ ಮಾಡಿದಾಗ ಅದೂ ಹೋಯ್ತು. ಖಿನ್ನತೆ, ಆತಂಕ, ಸಾಯೋ ಯೋಚನೆ. ಹಾರ್ಟಿಗೆ ಲಾಭ ಇದೆಯಾ ಅಂತ 18,695 ಜನರ ಮೇಲೆ ನಡೀತಿದ್ದ ಪರೀಕ್ಷೆ ನಡುವೆಯೇ ನಿಂತ್ಹೋಯ್ತು. ಲಾಭ ಕಾಣಲಿಲ್ಲ. ಆತ್ಮಹತ್ಯೆ ಮಾತ್ರ ಮಾತ್ರೆಯೋರಲ್ಲಿ 4, ಡಮ್ಮಿಯೋರಲ್ಲಿ 1. ಯುರೋಪ್ 2008ರಲ್ಲಿ ನಿಲ್ಲಿಸ್ತು, ನಮ್ಮ ಸರ್ಕಾರ 2009ರಲ್ಲಿ ನಿಷೇಧ ಹಾಕ್ತು."

"ನನಗಂತೂ ಇದ್ಯಾವುದೂ ಬೇಡ," ಅಂದ ಸುಬ್ಬಣ್ಣ. "ನನ್ನ ಪ್ಯಾಂಟ್ 36. ಮದುವೇಲೂ 36, ಈಗಲೂ 36."

"ಮದುವೇಲಿ ಹೊಕ್ಕಳ ಹತ್ರ ಕಟ್ತಿದ್ದೆ, ಈಗ ಹೊಟ್ಟೆ ಕೆಳಗೆ ಕಟ್ತೀಯ. ಟೀಚರ್, ಟೇಪ್ ಇದೆಯಾ?"

ಸರೋಜಮ್ಮನ ಬ್ಯಾಗಲ್ಲಿ ಇಲ್ಲದ ವಸ್ತು ಇಲ್ಲ. ರಂಗಣ್ಣ ಸುಬ್ಬಣ್ಣನ ಕೊನೇ ಪಕ್ಕೆಲುಬು, ಸೊಂಟದ ಮೂಳೆಯ ಮೇಲಂಚು ಎರಡನ್ನೂ ಮುಟ್ಟಿ ನೋಡಿ, ನಡುಮಧ್ಯಕ್ಕೆ ಟೇಪ್ ಸುತ್ತಿದ. ಹಿಂದೆ ಮುಂದೆ ಒಂದೇ ಮಟ್ಟ. ಬಿಗಿ ಎಳೆಯಲಿಲ್ಲ.

"94 ಸೆಂಟಿಮೀಟರ್!" ಅಂದ ಸುಬ್ಬಣ್ಣ, ಧ್ವನಿ ಎಲ್ಲಿಂದಲೋ ಬಂದಂತೆ.

"ಉಸಿರು ಬಿಡೋ. ಮಾಮೂಲಿಯಾಗಿ ಉಸಿರು ಬಿಟ್ಟಾಗಿನ ಅಳತೆಯೇ ಲೆಕ್ಕ."

102.

"ವಿಶ್ವಾಸಮತ ಬಿದ್ದೋಯ್ತು," ಅಂದರು ಮೇಷ್ಟ್ರು.

"ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಗಡಿ. ಯುರೋಪಿನ ಗಂಡಸರಿಗೆ 94. ಅವರಿಗಿಂತ ಸಣ್ಣ ಹೊಟ್ಟೆಗೇ ನಮಗೆ ಸಕ್ಕರೆ ಕಾಯಿಲೆ ಬರುತ್ತೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡಿ. ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ಬಿರುಸು. ತೂಕ ಹೆಚ್ಚು ಇಳೀದಿದ್ರೂ ಒಳಗಿನ ಕೊಬ್ಬು ಕರಗುತ್ತೆ. ನೀನು ಒಂದು ಸುತ್ತಿಗೆ ಎರಡು ಬೆಂಚು ಹಿಡೀತೀಯ."

"ಈ ಹಾಳು ಮಂತ್ರಿ ಹುಟ್ಟದೇ ಇದ್ದಿದ್ರೆ ಚೆನ್ನಾಗಿತ್ತು."

"ಹಂಗನ್ಬೇಡ. ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಸಿಬಿ1 ತಡೆಯೋ ಔಷಧಿ ಕೊಟ್ಟು ನೋಡಿದಾರೆ. ತಾಯಿ ಪಕ್ಕದಲ್ಲೇ ಇದ್ರೂ ಹಾಲು ಕುಡೀಲಿಲ್ಲ, ಸತ್ತವು. ಮೊದಲ ಗುಟುಕು ಕುಡಿಸೋನೂ ಇವನೇ."

ಸರೋಜಮ್ಮ ಟೇಪ್ ಸುತ್ತೋದು ನಿಲ್ಲಿಸಿದರು. ಮೇಷ್ಟ್ರು ಅಂದರು, "ನಮ್ಮವ್ವ ಕೊನೇ ತಿಂಗಳು ಮುದ್ದೆ ಮುಟ್ಟಲಿಲ್ಲ. ಬಸ್ಸಾರು ಅಂದ್ರೆ ಪ್ರಾಣ ಬಿಡ್ತಿದ್ಲು. ಬೇಡ ಕಣಪ್ಪಾ, ಏನೂ ಅನ್ನಿಸ್ತಿಲ್ಲ ಅಂತಿದ್ಲು."

"ಅಂದ್ರೆ ರಂಗಣ್ಣ," ಸುಬ್ಬಣ್ಣ ಮೆಲ್ಲಗೆ ಕೇಳಿದ, "ನನಗೀಗ ಮಸಾಲೆ ದೋಸೆ ತಿನ್ನಬೇಕು ಅನ್ನಿಸ್ತಿದೆ. ಇದು ಕಾಯಿಲೆಯೋ, ಆರೋಗ್ಯವೋ?"

"ಒಂದಾದ್ರೆ ಆರೋಗ್ಯ. ನಡಿ ಹೋಗೋಣ. ಬೆಣ್ಣೆ ಬೇಡ ಅಂತ ಮಾಣಿಗೆ ನಾನೇ ಹೇಳ್ತೀನಿ, ನೀನು ಹಿಂದಿಂದ ಸನ್ನೆ ಮಾಡ್ಬೇಡ."