ಅಡಿಕೆ ಸುಲಿಯುತ್ತಾ ಕೇಳಿದ 2024ರ ಆಲ್ಬಂಗಳು: ನಿಮ್ಮದು ಯಾವುದು?

ಪೆರ್ಲದ ಕಿವಿ:

ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ದರ ಏರೀತು ಅಂತ ಅಪ್ಪ ಕಟ್ಟಿಟ್ಟ ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ) ಅಡಿಕೆ ನವೆಂಬರ್ ಬಂದರೂ ಮುಗಿದಿರಲಿಲ್ಲ. ಊಟ ಆದ ಮೇಲೆ ಜಗಲಿಯಲ್ಲಿ ಕೂತು ಸುಲಿಯುವುದು ನನ್ನ ಪಾಲಿನ ಕೆಲಸ. ಕಿಟಕಿಯಲ್ಲಿ ಒಂದು ಸಣ್ಣ ಸ್ಪೀಕರ್. ಕೈಯೆಲ್ಲ ಧೂಳು, ಸಿಪ್ಪೆಯ ನಾರು. ಫೋನ್ ಮುಟ್ಟುವ ಹಾಗಿಲ್ಲ. ಹಿಡಿಸದ ಹಾಡು ಬಂದರೂ ದಾಟಿಸುವುದಕ್ಕಾಗುವುದಿಲ್ಲ, ಕೇಳಲೇಬೇಕು. ಹತ್ತು ವರ್ಷದಿಂದ ಬಿಡಿ ಹಾಡು ಕೇಳುತ್ತಿದ್ದವನು ಹೀಗೆ ಮತ್ತೆ ಪೂರ್ತಿ ಆಲ್ಬಂಗೆ ಬಂದೆ.

ಹಾಗೆ ಉಳಿದದ್ದು ಮೂರು.

ಒಂದು, ಅರೂಜ್ ಆಫ್ತಾಬ್ ಅವರ 'ನೈಟ್ ರೇನ್'. ಪಾಕಿಸ್ತಾನದ ಮೂಲ, ಇರುವುದು ನ್ಯೂಯಾರ್ಕಿನಲ್ಲಿ. ಗಜಲ್ ಅಂದರೆ ಗಜಲ್ ಅಲ್ಲ, ಜಾಜ್ ಅಂದರೆ ಜಾಜ್ ಅಲ್ಲ. ಮಾಹ್ ಲಕಾ ಬಾಯಿ ಬರೆದ ಸಾಲುಗಳು ಇದರಲ್ಲಿವೆ. ನಿಜಾಮರ ಕಾಲದ ಹೈದರಾಬಾದಿನ ಕವಯಿತ್ರಿ, ತೀರಿಕೊಂಡದ್ದು 1824ರಲ್ಲಿ. ಸರಿಯಾಗಿ 200 ವರ್ಷದ ಮೇಲೆ ಆ ಪದ್ಯ ಪೆರ್ಲದ ಜಗಲಿಗೆ ಬಂತು. ನನಗೆ ಉರ್ದು ಅರ್ಧವೂ ಬಾರದು. ಆದರೂ ಕತ್ತಿಯ ಮೇಲೆ ಕೈ ನಿಧಾನ ಆಗುತ್ತಿತ್ತು.

ಎರಡು, ಗಾನವ್ಯ ಅವರ 'ಡಾಟರ್ ಆಫ್ ಎ ಟೆಂಪಲ್'. ಇವರು ಹುಟ್ಟಿದ್ದು ನ್ಯೂಯಾರ್ಕ್, ಬೆಳೆದದ್ದು ತಮಿಳುನಾಡು. ಆಲಿಸ್ ಕೋಲ್ಟ್ರೇನ್ ನೆನಪು ಇಡೀ ಆಲ್ಬಂನಲ್ಲಿ ತುಂಬಿದೆ. ಆಲಿಸ್ ಜಾಜ್‌ನ ಹಾರ್ಪ್ ವಾದಕಿ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ, ಭಜನೆ ಹಾಡಿ ಕ್ಯಾಸೆಟ್ ಮಾಡಿದವರು. ಗಾನವ್ಯ ಜೊತೆ ಬೇರೆಯವರು ದನಿ ಸೇರಿಸುವಾಗ ನನಗೆ ನೆನಪಾದದ್ದು ನಮ್ಮ ಭಜನಾ ಮಂದಿರದ ಶನಿವಾರ. ಅಲ್ಲೂ ಹಾಗೇ, ಶ್ರುತಿ ಎಲ್ಲೋ ಇರುತ್ತದೆ, ಯಾರೋ ಒಬ್ಬರು ತಡವಾಗಿ ಸೇರುತ್ತಾರೆ, ಆದರೂ ಏನೋ ಕೂಡಿ ಬರುತ್ತದೆ.

ಮೂರು, ಇಂಗ್ಲೆಂಡಿನ ರಾಕ್ ತಂಡ ದಿ ಕ್ಯೂರ್‌ನ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್'. 2008ರ ನಂತರ ಅವರ ಮೊದಲ ಆಲ್ಬಂ. ಎಂಟೇ ಹಾಡು. ಮೊದಲ ಹಾಡಿನಲ್ಲಿ ಮೂರು ನಿಮಿಷ ದಾಟಿದರೂ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದಿಲ್ಲ. ಅಮ್ಮ ಒಳಗಿನಿಂದ ಕೇಳಿದರು: "ಎಂತ ಮಗಾ, ಭಾಗವತರು ಇನ್ನೂ ಬರ್ಲಿಲ್ವಾ?" ಒಳ್ಳೆಯ ವಿಮರ್ಶೆ. ಸತ್ತುಹೋದ ಅಣ್ಣನ ಬಗ್ಗೆ ಸ್ಮಿತ್ ಬರೆದ ಹಾಡೂ ಇದರಲ್ಲಿ ಉಂಟು. ಅದು ಬಂದಾಗ ನಾನು ಸುಮ್ನೆ ಗೋಣಿ ನೋಡುತ್ತಾ ಕೂತಿದ್ದೆ.

ನಿಮ್ಮದು ಹೇಳಿ. ಒಂದೂ ಹಾಡು ದಾಟಿಸದೆ ಕೇಳಿದ್ದು ಮಾತ್ರ.

ಕುಂಬಳೆ ಲೋಕಲ್:

ಅಣ್ಣ, ನನ್ನದು ಅಡಿಕೆ ಅಲ್ಲ, ರೈಲು. ಕುಂಬಳೆಯಿಂದ ಮಂಗಳೂರಿಗೆ ಕಾಲೇಜು. ಕೆಂಡ್ರಿಕ್ ಲಮಾರ್ ಅವರ 'ಜಿಎನ್‌ಎಕ್ಸ್' 12 ಹಾಡು, 44 ನಿಮಿಷ. ಹೆಚ್ಚುಕಡಿಮೆ ಒಂದು ಪ್ರಯಾಣ. ನವೆಂಬರ್ 22ಕ್ಕೆ ಒಂದು ಮಾತೂ ಹೇಳದೆ ಬಿಟ್ಟರು. ನನಗೆ ಗೊತ್ತಾಗುವಾಗ ರೈಲು ಮಂಜೇಶ್ವರ ದಾಟಿತ್ತು. ಜಿಎನ್‌ಎಕ್ಸ್ ಅಂದರೆ 1987ರ ಒಂದು ಬ್ಯೂಕ್ ಕಾರು, ಕಂಪನಿ ಮಾಡಿದ್ದೇ 547. ಕೆಂಡ್ರಿಕ್ ಹುಟ್ಟಿದ್ದೂ ಅದೇ ವರ್ಷ. ರ್‍ಯಾಪ್ ಆಲ್ಬಂ, ಆದರೆ ಮೊದಲು ಕೇಳುವುದು ಮೆಕ್ಸಿಕನ್ ಮರಿಯಾಚಿ ಹಾಡುವ ಡೇರಾ ಬರೇರಾ ಎಂಬ ಹೆಂಗಸಿನ ದನಿ. ಸೀಟು ಸಿಗದೆ ಬಾಗಿಲ ಹತ್ತಿರ ನಿಂತು ಅದನ್ನು ಕೇಳಬೇಕು.

ರ್‍ಯಾಪರ್ ಹನುಮಾನ್‌ಕೈಂಡ್ ಹೆಸರೂ ಬರೆಯುವವನಿದ್ದೆ. ಆದರೆ 'ಬಿಗ್ ಡಾಗ್ಸ್' ಒಂದೇ ಹಾಡು, ನಿಮ್ಮ ನಿಯಮಕ್ಕೆ ಆಗುವುದಿಲ್ಲ. ಆ ಮೃತ್ಯುಕೂಪದ ಬೈಕ್ ವೀಡಿಯೊ ಮಾತ್ರ ನಮ್ಮ ಊರಿನ ಆಯನದ (ದೇವಸ್ಥಾನದ ಜಾತ್ರೆ) ಸಂತೆಯ ಹಾಗೇ ಉಂಟು.

ಮೊಗ್ರಾಲ್ ಹೆಣ್ಣು:

ಎಲ್ಲರೂ ಅಳುವ ಆಲ್ಬಂ ಯಾಕೆ ಮಾರಾಯ್ರೇ? ಪೆರ್ಲದವರ ಮೂರರಲ್ಲೂ ಬೆಳಕೇ ಇಲ್ಲ.

ನನ್ನದು ಮಲಯಾಳದ 'ಆವೇಶಂ'. ಸಿನಿಮಾದ್ದು ಲೆಕ್ಕಕ್ಕೆ ಇಲ್ಲ ಅನ್ನಬೇಡಿ. ಸುಶಿನ್ ಶ್ಯಾಮ್ ಮಾಡಿದ್ದು, ಡಾಬ್‌ಜೀ ಹಾಡಿದ 'ಇಲ್ಯುಮಿನಾಟಿ' ಇರುವುದು. ನಮ್ಮದು ಇಶಲ್ ಗ್ರಾಮ, ಮಲಬಾರಿನ ಮುಸ್ಲಿಮರ ಮಾಪಿಳ್ಳ ಹಾಡಿನ ಊರು. ಕೈತಾಳ, ದಫ್ಫು ಇಲ್ಲದ ಮದುವೆ ಕಮ್ಮಿ. 2024ರಲ್ಲಿ ಅದರ ಮಧ್ಯೆ ಈ ಹಾಡು ಬಂದರೆ ಅಜ್ಜಿಯಂದಿರೂ ಕೂತಲ್ಲೇ ಕೈ ತಟ್ಟಿದ್ದಾರೆ. ನಾನು ಕನ್ನಡ ಮೀಡಿಯಂ, ಮನೆಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ತುಳು. ಸಿನಿಮಾ ನಡೆಯುವುದು ಬೆಂಗಳೂರಿನಲ್ಲಿ. ನನಗೆ ಎಲ್ಲವೂ ಮನೆಯದ್ದೇ ಅನ್ನಿಸಿತು.

ಅಳಲೇಬೇಕಾದರೆ ಬಿಯಾನ್ಸೆ ಕೇಳಿ ಅಳಿ. 'ಕೌಬಾಯ್ ಕಾರ್ಟರ್', 27 ಟ್ರ್ಯಾಕು. ಜಾಸ್ತಿ ಆಯಿತು, ಒಪ್ಪುತ್ತೇನೆ. ಆದರೆ ಲಿಂಡಾ ಮಾರ್ಟೆಲ್ ದನಿ ಬರುವ ಜಾಗಕ್ಕೆ ಕಾಯಿರಿ. 1970ರಲ್ಲಿ ಕಂಟ್ರಿ ಸಂಗೀತದ ಆಲ್ಬಂ ಮಾಡಿದ ಕಪ್ಪು ಹೆಂಗಸು. ಮತ್ತೆ ಎಷ್ಟೋ ವರ್ಷ ಯಾರೂ ಅವರ ಹೆಸರೆತ್ತಲಿಲ್ಲ.

ಮಧೂರು ಮೃದಂಗ:

ನನ್ನದು 2024ರದ್ದಲ್ಲ, ಬೇಕಾದರೆ ಬಿಡಿ. ಜಾಕಿರ್ ಹುಸೇನ್ ತಬಲಾ ನುಡಿಸುತ್ತಿದ್ದ ಶಕ್ತಿ ತಂಡದ 'ದಿಸ್ ಮೊಮೆಂಟ್' 2023ರಲ್ಲೇ ಬಂದದ್ದು. 45 ವರ್ಷಕ್ಕೂ ಜಾಸ್ತಿ ಸಮಯದ ನಂತರ ಅವರ ಸ್ಟುಡಿಯೋ ಆಲ್ಬಂ. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂತು. ಆಗ ಒಮ್ಮೆ ಕೇಳಿ, ಚೆನ್ನಾಗಿದೆ ಅಂತ ಬದಿಗಿಟ್ಟಿದ್ದೆ.

ಡಿಸೆಂಬರ್ 15ರ ರಾತ್ರಿ ಜಾಕಿರ್ ಹುಸೇನ್ ಸುದ್ದಿ. ಹೋದರು ಅಂದರು, ಸುಳ್ಳು ಅಂದರು, ಬೆಳಿಗ್ಗೆ ನಿಜ ಅಂದರು. ಆ ದಿನ ಸಂಜೆ ಕ್ಲಾಸಿಗೆ ಐದು ಮಕ್ಕಳು ಬಂದಿದ್ದರು. ಮೃದಂಗ ತೆಗೆಯಬೇಡಿ ಅಂದೆ. 'ಶ್ರೀನೀಸ್ ಡ್ರೀಮ್' ಹಾಕಿದೆ. 2014ರಲ್ಲಿ ಹೋದ ಮ್ಯಾಂಡೊಲಿನ್ ಶ್ರೀನಿವಾಸ್ ನೆನಪಿಗೆ ಮಾಡಿದ್ದು ಅದು. ತಬಲಾ ಎಲ್ಲಿ, ಸೆಲ್ವಗಣೇಶ್ ಕಂಜೀರ ಎಲ್ಲಿ, ಬೆರಳಿನಲ್ಲಿ ತೋರಿಸಿ ಅಂತ ಹೇಳಿದೆ. ನಾಲ್ಕು ಮಕ್ಕಳಿಗೆ ಗೊಂದಲ. ಎಲ್ಲರಿಗಿಂತ ಸಣ್ಣವನು ಒಂದೂ ತಪ್ಪದೆ ತೋರಿಸಿದ. ಅವನು ಮನೆಯಲ್ಲಿ ಅಭ್ಯಾಸವೇ ಮಾಡುವುದಿಲ್ಲ, ಅದೇ ಬೇಜಾರು.

ಪೆರ್ಲದ ಕಿವಿ:

ಮಾಷ್ಟ್ರೇ, ನಿಮ್ಮದಕ್ಕೆ ನಿಯಮ ಸಡಿಲ.

ಕುಂಬಳೆ ತಮ್ಮಾ, ಜಿಎನ್‌ಎಕ್ಸ್ ನಿನ್ನೆ ಹಾಕಿದೆ. ಕತ್ತಿ ಲಯಕ್ಕೆ ಸೇರಿ ವೇಗ ಆಯಿತು. ಬೆರಳಿಗೆ ಎರಡು ಕಡೆ ಪೆಟ್ಟು. ರ್‍ಯಾಪಿಗೂ ಅಡಿಕೆಗೂ ಆಗಿಬರುವುದಿಲ್ಲ, ರೈಲಿನಲ್ಲೇ ಇರಲಿ.

ಮೊಗ್ರಾಲಿನವರೇ, 'ಇಲ್ಯುಮಿನಾಟಿ' ಅಮ್ಮನಿಗೆ ಮೊದಲೇ ಬಾಯಿಪಾಠ. ನನಗೇ ಗೊತ್ತಿರಲಿಲ್ಲ. ಇನ್ನು ಎರಡು ಗೋಣಿ ಬಾಕಿ ಉಂಟು, ನಾಳೆ ಬಿಯಾನ್ಸೆ. 27 ಅಂದರೆ ಮಧ್ಯೆ ಒಮ್ಮೆ ಚಾಯ ಕುಡಿಯಬಹುದು ಅಲ್ವಾ?