ಸಹಾಯ ಬೇಕು: ನನ್ನ ಪಿಸಿಗೆ ಈ ಎರಡು ಪವರ್ ಸಪ್ಲೈಗಳಲ್ಲಿ ಯಾವುದು ವಾಸಿ?

ಪ್ರೊಸೆಸರ್ ರೈಜನ್ 7 7800ಎಕ್ಸ್3ಡಿ (ಟಿಡಿಪಿ, ಅಂದರೆ ಕಂಪನಿ ಹೇಳುವ ಶಾಖದ ಅಂದಾಜು, 120 ವ್ಯಾಟ್), ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070 ಸೂಪರ್ (220 ವ್ಯಾಟ್), ಎರಡು ಎಸ್‌ಎಸ್‌ಡಿ, ನಾಲ್ಕು ಫ್ಯಾನ್. ಗೇಮ್ ಆಡುವಾಗ ಹೆಚ್ಚೆಂದರೆ 420 ವ್ಯಾಟ್ ಆದೀತು. ಆದರೆ ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ತನ್ನ ಮಿತಿಗಿಂತ ಬಹಳ ಹೆಚ್ಚು ಎಳೆಯಬಹುದಲ್ಲ, ಅದಕ್ಕೇ 750ಕ್ಕಿಂತ ಕೆಳಗೆ ನೋಡುತ್ತಿಲ್ಲ.

ಕೊನೆಗೆ ಉಳಿದಿರುವುದು ಎರಡು:

ಒಂದು, 750 ವ್ಯಾಟ್, ಎಟಿಎಕ್ಸ್ 3.1 (ಪವರ್ ಸಪ್ಲೈಗಳ ಹೊಸ ಮಾನದಂಡ), ಗ್ರಾಫಿಕ್ಸ್ ಕಾರ್ಡ್‌ನ 16 ಪಿನ್ ಕೇಬಲ್ ಜೊತೆಗೇ ಬರುತ್ತದೆ. ಪ್ರೈಮರಿ (ಗೋಡೆಯ ಕರೆಂಟ್ ಬರುವ ಕಡೆಯ) ಕೆಪಾಸಿಟರ್ ಮಾತ್ರ 105 ಡಿಗ್ರಿ ಶಾಖ ತಡೆಯುವಂಥದು, ಸೆಕೆಂಡರಿಯಲ್ಲಿ (ಪಿಸಿ ಕಡೆ) ಮಿಶ್ರ ಸರಕು.

ಇನ್ನೊಂದು, 850 ವ್ಯಾಟ್, ಹಳೆಯ ಎಟಿಎಕ್ಸ್ 2 ಪ್ಲಾಟ್‌ಫಾರ್ಮ್, ಕೆಪಾಸಿಟರ್ ಎಲ್ಲವೂ 105 ಡಿಗ್ರಿ. ಕಾರ್ಡ್‌ಗೆ ಅಡಾಪ್ಟರ್ ಹಾಕಬೇಕು.

ಎರಡೂ 80 ಪ್ಲಸ್ ಗೋಲ್ಡ್. ಆ ಸ್ಟಿಕರ್ ದಕ್ಷತೆಯನ್ನಷ್ಟೇ ಹೇಳುತ್ತದೆ, ರಿಪಲ್ (ಹೊರಬರುವ ವೋಲ್ಟೇಜ್‌ನ ಸಣ್ಣ ಏರಿಳಿತ) ಬಗ್ಗೆ ಏನೂ ಹೇಳುವುದಿಲ್ಲ. 12 ವೋಲ್ಟ್ ರೈಲ್‌ನಲ್ಲಿ 120 ಮಿಲಿವೋಲ್ಟ್ ಮಿತಿಯಿದ್ದರೂ ನನಗೆ 50ರೊಳಗೆ ಬೇಕು.

ನಿಜವಾದ ತಲೆನೋವು ಯುಪಿಎಸ್. ಬ್ಯಾಟರಿ ಮೇಲೆ ಅದು ಕೊಡುವುದು ಗೋಡೆಯ ಕರೆಂಟಿನಂಥ ನಯವಾದ ಅಲೆ (ಶುದ್ಧ ಸೈನ್ ವೇವ್) ಅಲ್ಲ, ಚೌಕಾಕಾರದ್ದು, ಬ್ಯಾಟರಿಗೆ ಬದಲಾಗಲು 10 ಮಿಲಿಸೆಕೆಂಡ್ ತನಕ ಹಿಡಿಯುತ್ತದೆ. ಎಟಿಎಕ್ಸ್ 3.1 ಪೂರ್ಣ ಲೋಡ್‌ನಲ್ಲಿ ಕೇಳುವ ಹೋಲ್ಡ್‌ಅಪ್ (ಕರೆಂಟ್ ಹೋದ ಮೇಲೂ ಸಪ್ಲೈ ತಡೆದುಕೊಳ್ಳುವ ಹೊತ್ತು) 12 ಮಿಲಿಸೆಕೆಂಡ್ ಮಾತ್ರ. ಅರ್ಧ ಲೋಡ್‌ನಲ್ಲಿ ಜಾಸ್ತಿ ಸಿಗುತ್ತದೆ, ಸರಿ. ಆದರೆ ಆಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ವೋಲ್ಟೇಜ್‌ನ ಅಲೆಗೆ ಹೊಂದಿಸುವ ಸರ್ಕ್ಯೂಟ್) ಇರುವ ಸಪ್ಲೈ ಇಂಥ ಚೌಕ ತರಂಗಕ್ಕೆ ಆಫ್ ಆಗಿಬಿಡುವುದೂ ಉಂಟು.

ಇಂಥ ಯುಪಿಎಸ್ ಮೇಲೆ 400 ವ್ಯಾಟ್ ಲೋಡ್ ಇಟ್ಟು ಪ್ಲಗ್ ಕಿತ್ತು ನೋಡಿದವರಿದ್ದರೆ ಯಾವ ಸಪ್ಲೈ, ಏನಾಯಿತು ಅಂತ ತಿಳಿಸಿ. ಬೇರೆ ಸಪ್ಲೈನ ಹಳೆಯ ಮಾಡ್ಯುಲರ್ (ಕಿತ್ತು ಹಾಕಬಹುದಾದ) ಕೇಬಲ್ ಬಳಸಿಕೊಳ್ಳಿ ಎನ್ನುವ ಸಲಹೆ ದಯವಿಟ್ಟು ಬೇಡ. ಸಪ್ಲೈ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ, ತಪ್ಪಿದರೆ ಡ್ರೈವ್ ಸುಡುತ್ತದೆ.